ಬೆಟ್ಟ ಹತ್ತಿದ ಎರಡು ಗಾಡಿ

ಇಬ್ಬರು ಸೇಲ್ಸ್‌ನವರಿಗೂ ಭಾನುವಾರ ಹತ್ತು ಗಂಟೆಗೇ ಬನ್ನಿ ಎಂದದ್ದೇ ಚಂದ್ರಮೌಳಿ ಮಾಡಿದ ತಪ್ಪು. 2003ರ ಆ ಬೆಳಿಗ್ಗೆ ಜಯಲಕ್ಷ್ಮಿಪುರಂನ ಅವರ ಮನೆ ಮುಂದೆ ಎರಡು ಹೊಸ ಗಾಡಿಗಳು, ಒಂದೇ ಹೆಣ್ಣು ನೋಡಲು ಬಂದ ಇಬ್ಬರು ವರರ ಹಾಗೆ ಬಿಗುಮಾನದಿಂದ ನಿಂತವು. ಬಿಳಿಯದು ಭಾರೀ ಗಾತ್ರದ್ದು, ಹತ್ತು ಜನ ಹಿಡಿಯುತ್ತದೆ, ಬೆಲೆ ಕಡಿಮೆ. ಕೆಂಪಿನದು ಅದಕ್ಕಿಂತ ಚಿಕ್ಕದು, ದುಬಾರಿ. ಒಳಗೆ ಏಸಿ, ಮೆತ್ತನೆಯ ಸೀಟು.

ವಿಶ್ವವಿದ್ಯಾನಿಲಯದ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಚಂದ್ರಮೌಳಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಇದು ಮೊದಲ ಕಾರು. ಡ್ರೈವಿಂಗ್ ಲೈಸೆನ್ಸ್ ಕೈಗೆ ಬಂದ ಒಂದು ವಾರದಿಂದ ಕಡತ ನೋಡುವಾಗಲೂ ಎಡಗೈ ತಾನಾಗಿ ಗೇರು ಬದಲಿಸುತ್ತಿತ್ತು.

ಹೆಂಡತಿ ನೀಲಮ್ಮ ಕೆಂಪು ಗಾಡಿಯಲ್ಲಿ ಕೂತವರು ಇಳಿಯಲೊಲ್ಲರು. ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರ್ ಸದಾಶಿವಯ್ಯ, ಎತ್ತಿನ ಹಲ್ಲು ನೋಡುವವರಂತೆ ಬಿಳಿ ಗಾಡಿಯ ಟೈರು ನೋಡಿ, “ಗಾಡಿ ಅಂದ್ರೆ ನೆಂಟರೆಲ್ಲ ಹಿಡೀಬೇಕು ಕಣ್ರೀ. ಈ ಮೈಸೂರಲ್ಲಿ ಏಸಿ ಯಾತಕ್ಕೆ?” ಎಂದರು. ನೆಂಟರು ಹಿಡಿಯದಿದ್ದರೇ ಕ್ಷೇಮ, ಕೆಂಪಿನದನ್ನೇ ತೆಗೆದುಕೊಳ್ಳಿ ಎಂದು ಪಕ್ಕದ ಮನೆಯ ಪ್ರೇಮಲೀಲಾ ಹಟ ಹಿಡಿದರು. ವಾದಕ್ಕೆ ಇಡೀ ಬೀದಿ ಸೇರಿತು. ಕೊನೆಗೆ ಸದಾಶಿವಯ್ಯನವರೇ ತೀರ್ಪು ಕೊಟ್ಟರು: ಎರಡೂ ಚಾಮುಂಡಿ ಬೆಟ್ಟ ಹತ್ತಲಿ. ಖಾಲಿ ಗಾಡಿ ಹತ್ತಿದರೆ ಪರೀಕ್ಷೆಯಾಗದು, ಭಾರ ಬೇಕು. ಭಾರಕ್ಕೆ ಆ ಬೀದಿಯಲ್ಲಿ ಬರವೇ? ಹತ್ತು ನಿಮಿಷದಲ್ಲಿ ಎರಡೂ ಗಾಡಿಗಳು ಹಲಸಿನ ಹಣ್ಣಿನಲ್ಲಿ ತೊಳೆ ತುಂಬಿದಂತೆ ತುಂಬಿದವು.

ಬೆಟ್ಟದ ಬುಡದಲ್ಲಿ ಕೆಂಪು ಗಾಡಿಯ ಸ್ಟಿಯರಿಂಗ್ ಚಂದ್ರಮೌಳಿಯ ಕೈಗೆ ಬಂತು. ಒಂದೊಂದು ತಿರುವಿಗೂ ಅವರ ಎದೆ ಒಂದೊಂದು ಅಂಗುಲ ಉಬ್ಬಿತು. ಬ್ರೇಕು, ಕ್ಲಚ್ಚು ಹೇಳಿದ ಮಾತು ಕೇಳುತ್ತಿದ್ದವು. ಅಂಥ ವಿಧೇಯತೆ ಕಂಡು ಅವರಿಗೆ ಎಷ್ಟೋ ವರ್ಷವಾಗಿತ್ತು.

ನಂದಿಯ ಹತ್ತಿರ ಎಲ್ಲರೂ ಇಳಿದು ಗಾಡಿ ಅದಲುಬದಲು ಮಾಡಿಕೊಳ್ಳಬೇಕೆಂದಾಯಿತು. ಖುಷಿಯ ಭರದಲ್ಲಿ ಚಂದ್ರಮೌಳಿ ಎಲ್ಲರಿಗೂ ಚುರುಮುರಿ ತರಲು ಹೋದರು. ಹದಿನೈದು ಪೊಟ್ಟಣ ಎದೆಗವಚಿಕೊಂಡು ತಿರುಗಿದರೆ ಗಾಡಿಗಳೇ ಇಲ್ಲ. ಬಿಳಿಯದರಲ್ಲಿದ್ದವರು ಚಂದ್ರಮೌಳಿ ಕೆಂಪಿನದರಲ್ಲಿ ಇದ್ದಾರೆಂದೂ, ಕೆಂಪಿನದರಲ್ಲಿದ್ದವರು ಬಿಳಿಯದರಲ್ಲಿ ಇದ್ದಾರೆಂದೂ ತಿಳಿದು, ಸೇಲ್ಸ್‌ನವರ ಕೈಲಿ ಗಾಡಿ ಓಡಿಸಿಕೊಂಡು ಹೊರಟುಬಿಟ್ಟಿದ್ದರು.

ಕಾದು ಕಾದು ಸಾಕಾಗಿ, ಸಿಟಿ ಬಸ್ಸಿನಲ್ಲಿ ನಿಂತುಕೊಂಡು ಮನೆ ಸೇರಿದಾಗ ಮಧ್ಯಾಹ್ನ ಎರಡಾಗಿತ್ತು. ಹಜಾರದ ತುಂಬ ಜನ. ಬಿಟ್ಟುಬಂದದ್ದಕ್ಕೆ ಯಾರೂ ಒಂದು ಮಾತು ಆಡಲಿಲ್ಲ. ಕೈಗೊಂದು ಮೈಸೂರುಪಾಕು ಇಟ್ಟರು. ಬಿಳಿ ಗಾಡಿಯನ್ನು ಸದಾಶಿವಯ್ಯನವರೂ ಕೆಂಪು ಗಾಡಿಯನ್ನು ಪ್ರೇಮಲೀಲಾ ಅವರೂ ಬುಕ್ ಮಾಡಿಬಿಟ್ಟಿದ್ದರು.

“ಮತ್ತೆ ನಮ್ದು?” ಎಂದರು ಚಂದ್ರಮೌಳಿ.

“ಎರಡೂ ಕಣ್ಮುಂದೇನೇ ಇರ್ತವಲ್ರೀ, ಇನ್ನು ಮೂರನೇದು ಯಾಕೆ? ಬೇಡ ಅಂದ್ಬುಟ್ಟೆ,” ಎಂದರು ನೀಲಮ್ಮ. ಗಂಡ ಕುರ್ಚಿಯಲ್ಲಿ ಕುಸಿದದ್ದು ನೋಡಿ ಅವರ ಕರುಳು ಚುರುಕ್ಕೆಂದಿತು. “ಬೇಜಾರು ಮಾಡ್ಕೋಬೇಡಿ. ಅವರಿಬ್ಬರ ಮನೇಲೂ ಓಡ್ಸೋಕೆ ಬರೋರು ಯಾರೂ ಇಲ್ಲ. ನೀವೇ ಓಡಿಸ್ತೀರಿ ಅಂತ ಮಾತು ಕೊಟ್ಟಿದೀನಿ.”

ಚಂದ್ರಮೌಳಿ ಬಾಯಿ ತೆರೆಯುವಷ್ಟರಲ್ಲಿ ಸದಾಶಿವಯ್ಯ ಬಂದು ಪ್ರೀತಿಯಿಂದ ಬೆನ್ನು ತಟ್ಟಿದರು.

“ಗಾಡಿ ಬಂದ ಮೊದಲ್ನೇ ಭಾನುವಾರ ಸುತ್ತೂರು ಮಠಕ್ಕೆ ಹೊರಡೋದು. ಬೆಳಿಗ್ಗೆ ಐದಕ್ಕೇ ಬಂದ್ಬುಡಿ ಮೌಳಿಯವರೇ. ತೊಳೆದು ಒರೆಸೋದಿರತ್ತಲ್ಲ.”