ಐವತ್ತನಾಲ್ಕು ಕಿಲೋ ಹೆಡ್‌ಮಾಸ್ಟರು

"ಆರು ಕಿಲೋ ತಾನೇ? ನಾನೇ ಎತ್ಕೊಂಡು ಬರ್ತೀನಿ ಬಿಡಿ," ಎಂದು ಗಣಿತದ ಮೇಷ್ಟ್ರು ತುಂಬಿದ ಸಭೆಯಲ್ಲಿ ಹೇಳಿಬಿಟ್ಟಿದ್ದರು.

ನಿವೃತ್ತರಾಗಲಿದ್ದ ಹೆಡ್‌ಮಾಸ್ಟರಿಗೆ ಅವರದೇ ತಲೆಯನ್ನು ಕಲ್ಲಿನಲ್ಲಿ ಕೆತ್ತಿಸಿ ಕೊಡುವುದೆಂದು ತೀರ್ಮಾನವಾಗಿತ್ತು. ಶಿಲ್ಪಿ ತಂದು ತೋರಿಸಿದ ಮಾದರಿ ಚೋಟುದ್ದ, ತೂಕ ಎರಡು ಕಿಲೋ. "ರೂಪ ಹೀಗೇ ಇರಲಿ, ಆದ್ರೆ ಮೂರರಷ್ಟು ಎತ್ತರ," ಎಂದರು ಆಡಳಿತ ಮಂಡಳಿಯ ಅಧ್ಯಕ್ಷರು. ಎರಡು ಮೂರಲಿ ಆರು. ಇಪ್ಪತ್ತೆರಡು ವರ್ಷ ಸಮರೂಪ ಆಕೃತಿಗಳ ಪಾಠ ಹೇಳಿ ಹಣ್ಣಾದವರ ಮಾತಿಗೆ ಎದುರಾಡುವವರು ಯಾರು? ಮೇಲಾಗಿ ಹೆಡ್‌ಮಾಸ್ಟರ ಕುರ್ಚಿಗೆ ಮುಂದಿನ ಸರದಿಯೂ ಅವರದೇ. ಸಮಾರಂಭದ ದಿನ ಸಂಜೆ ಅಧ್ಯಕ್ಷರು ಹೆಸರು ಹೇಳುವುದೊಂದೇ ಬಾಕಿ.

ಆ ದಿನ ಮಧ್ಯಾಹ್ನ ಮೇಷ್ಟ್ರು ಕೈಚೀಲ ಹಿಡಿದು ಶಿಲ್ಪಿಯ ಶೆಡ್ಡಿಗೆ ಹೋದರು.

"ಗಾಡಿ ಎಲ್ಲಿ ಸಾರ್?"

"ಗಾಡಿ ಯಾಕಯ್ಯಾ?" ಎಂದು ಬಾಗಿ ಎತ್ತಿದರು. ಕಲ್ಲು ಏಳಲಿಲ್ಲ, ಬೆನ್ನಿನಲ್ಲಿ ಮಲಗಿದ್ದ ಹಳೆಯ ನೋವು ಎದ್ದು ಕುಳಿತಿತು.

"ಐವತ್ನಾಲ್ಕು ಕಿಲೋ ಇದೆ," ಎಂದ ಶಿಲ್ಪಿ. "ಉದ್ದ ಮೂರು ಪಾಲು, ಅಗಲ ಮೂರು ಪಾಲು, ದಪ್ಪಾನೂ ಮೂರು ಪಾಲು. ಒಟ್ಟು ಇಪ್ಪತ್ತೇಳು ಪಾಲು ಕಲ್ಲಾಯ್ತಲ್ಲ. ನೀವೇ ಮೇಷ್ಟ್ರು, ನಿಮಗೆ ನಾನು ಹೇಳ್ಬೇಕಾ?"

ಮೇಷ್ಟ್ರು ಕಲ್ಲುಪುಡಿಯ ಮೇಲೇ ಕುಸಿದರು. ವರ್ಷವರ್ಷವೂ ಇದನ್ನೇ ಬೋರ್ಡಿನ ಮೇಲೆ ಬರೆದವರು. ಆದರೆ ಸೀಮೆಸುಣ್ಣದಲ್ಲಿ ಬರೆದ ಘನ ಯಾರ ಬೆನ್ನನ್ನೂ ಮುರಿದದ್ದಿಲ್ಲ.

ಹೇಗೋ ಒಂದು ತಳ್ಳುಗಾಡಿ ಸಿಕ್ಕಿತು. ಶಾಲೆಯ ಮೆಟ್ಟಿಲ ಬುಡದಲ್ಲಿ ಸಹೋದ್ಯೋಗಿಗಳೂ ಸಿಕ್ಕರು. ಸಭಾಂಗಣ ಮೂರನೇ ಮಹಡಿಯಲ್ಲಿ.

"ಎದೆಗೆ ಒತ್ತಿ ಹಿಡೀರಿ, ಭಾರ ಗೊತ್ತಾಗಲ್ಲ," ಎಂದರು ಡ್ರಿಲ್ ಮಾಸ್ತರು, ಕೈಕಟ್ಟಿಕೊಂಡೇ.

"ಮೂಗು ಜೋಪಾನ ಸಾರ್! ಅದು ಹೋದ್ರೆ ಇವರು ಯಾರೋ ಆಗ್ತಾರೆ," ಎಂದರು ವಿಜ್ಞಾನದ ಮೇಡಂ.

"ಆರು ಕಿಲೋ ಅಂದಿದ್ರಲ್ಲ?" ಎಂದ ಗುಮಾಸ್ತ.

"ಒಂದೊಂದು ಕೈ ಹಾಕ್ರಪ್ಪಾ, ಪುಣ್ಯ ಬರುತ್ತೆ!" ಎಂದು ಮೇಷ್ಟ್ರು ಗೋಗರೆದರು.

ಹಾಕಿದರು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಎರಡನೇ ಮಹಡಿಯ ತಿರುವಿನಲ್ಲಿ ಕಲ್ಲಿನ ಹೆಡ್‌ಮಾಸ್ಟರು ಬಂದ ನೆಂಟರಂತೆ ಮೇಷ್ಟ್ರ ಕಾಲ್ಬೆರಳ ಮೇಲೆ ನಿರಾಳವಾಗಿ ಕುಳಿತರು.

ಕುಂಟುತ್ತಾ ವೇದಿಕೆ ಹತ್ತಿದ ಮೇಷ್ಟ್ರನ್ನು ಕಂಡು ಅಧ್ಯಕ್ಷರು, "ಏನ್ರೀ ಇದು ಅವಸ್ಥೆ?" ಎಂದರು.

ಗುಮಾಸ್ತನಿಗೆ ಕರುಣೆ ಉಕ್ಕಿತು. "ಪಾಪ, ತೂಕ ಸ್ವಲ್ಪ ತಪ್ಪಿತು ಸಾರ್. ಆರು ಅಂದ್ಕೊಂಡಿದ್ರು, ಐವತ್ನಾಲ್ಕು ಬಂತು."

ಅಧ್ಯಕ್ಷರು ಹುಬ್ಬು ಗಂಟಿಕ್ಕಿ ಹೆಡ್‌ಮಾಸ್ಟರ ಕಿವಿಯಲ್ಲಿ ಏನೋ ಹೇಳಿದರು. ಅವರು ಒಪ್ಪಿ ತಲೆಯಾಡಿಸಿದರು. ಆಮೇಲೆ ಅಧ್ಯಕ್ಷರು ಮೈಕು ಹಿಡಿದು, "ಶಾಲೆಗೆ ಹೊಸ ಕಟ್ಟಡ ಏಳ್ತಿದೆ. ಚಿಕ್ಕ ನಕ್ಷೆ ನೋಡಿ ದೊಡ್ಡ ಕಟ್ಟಡ ಕಟ್ಟಿಸೋ ಕೆಲಸ! ಲೆಕ್ಕ ತಪ್ಪದವರು ಬೇಕು. ಅದಕ್ಕೇ ನಮ್ಮ ಹೆಡ್‌ಮಾಸ್ಟರನ್ನೇ ಇನ್ನೆರಡು ವರ್ಷ ಮುಂದುವರಿಸಿದ್ದೀವಿ," ಎಂದರು.

ಚಪ್ಪಾಳೆ ಸುರಿಯಿತು. ಹೆಡ್‌ಮಾಸ್ಟರು ಬಂದು ಮೇಷ್ಟ್ರ ನೋಯುವ ಬೆನ್ನನ್ನೇ ತಟ್ಟಿದರು.

"ಈ ತಲೆ ಸದ್ಯಕ್ಕೆ ನಿಮ್ಮನೇಲೇ ಇರಲಿ ಮೇಷ್ಟ್ರೇ. ನಾನು ನಿವೃತ್ತನಾಗೋ ಹೊತ್ತಿಗೆ ಹೊಸದು ಮಾಡಿಸಿದ್ರಾಯ್ತು, ಆ ಚಿಕ್ಕದರ ನಾಲ್ಕರಷ್ಟು ಎತ್ತರ. ಅದೆಷ್ಟು ಕಿಲೋ ಬರುತ್ತೆ?"

"ನೂರಾ ಇಪ್ಪತ್ತೆಂಟು," ಎಂದರು ಮೇಷ್ಟ್ರು.

ಲೆಕ್ಕ ಸರಿಯಾಗಿತ್ತು.