ಗಲ್ಲಿಯೆಲ್ಲ ಸೇರಿ ಇಳಿಸಿದ ಬೀಪಿ

ಅವತ್ತಿನ ಸಕಲ ಅನರ್ಥಕ್ಕೂ ಕಾರಣವಾದದ್ದು ನರ್ಸ್ ರೆತ್ನೊ ತುಕಿರನ್‌ನ ತೋಳಿಗೆ ಸುತ್ತಿದ ಗೇಣಗಲದ ಒಂದು ಪಟ್ಟಿ. ಅದು ಬುಸ್ಸೆಂದು ಉಬ್ಬಿತು, ಹೆಬ್ಬಾವಿನ ಹಾಗೆ ತೋಳನ್ನು ಹಿಂಡಿತು, ಆಮೇಲೆ ಸುಸ್ತಾದಂತೆ ಉಸಿರುಬಿಟ್ಟು ಪುಟ್ಟ ಪರದೆಯ ಮೇಲೆ ಒಂದು ಅಂಕಿಯನ್ನು ತೋರಿಸಿತು.

“ನೂರ ತೊಂಬತ್ತು,” ಎಂದಳು ನರ್ಸ್, ಅಲ್ಲಿಯವರು ಗಂಡಸರನ್ನು ಮರ್ಯಾದೆಯಿಂದ ಕರೆಯುವ ‘ಪಕ್’ ಅನ್ನೂ ಸೇರಿಸಿದಳು. “ಇಷ್ಟು ಬೀಪಿ ಇಟ್ಕೊಂಡು ಲಸಿಕೆ ಹಾಕೋ ಹಾಗಿಲ್ಲ ಪಕ್. ಮುಂದಿನ ವಾರ ಬನ್ನಿ.”

“ಮುಂದಿನ ವಾರದ ತನಕ ನಾನಿರ್ತೀನಮ್ಮ, ಅಕ್ಕಿ ಇರಲ್ಲ,” ಎಂದ ತುಕಿರನ್.

ಮಾತು ನಿಜವಾಗಿತ್ತು. ಸುಮುರ್ ಗಲ್ಲಿಯ ಮಕ್ಕಳಿಗೆ ತುಕಿರನ್ ಎಂದರೆ ಒಡೊಂಗ್-ಒಡೊಂಗ್ ಗಾಡಿ. ಅವನು ಪೆಡಲು ತುಳಿದರೆ ಹಾಡು ಮೊಳಗಿ, ಗಾಡಿಯ ಮೇಲಿನ ಬಣ್ಣದ ಕುದುರೆಗಳು ಮಕ್ಕಳನ್ನು ಹೊತ್ತು ಏರಿಳಿಯುತ್ತಿದ್ದವು. ಕೊರೋನಾ ಬಂದು ಮಕ್ಕಳೆಲ್ಲ ಬಾಗಿಲ ಹಿಂದೆ ಸೇರಿಕೊಂಡ ಮೇಲೆ ಕುದುರೆಗಳ ಮೇಲೆ ಕೋಳಿಗಳು ಸವಾರಿ ಮಾಡತೊಡಗಿದ್ದವು. ಮನೆಯಲ್ಲಿ ಹೆಂಡತಿ ವರ್ಸಿತಿ ಮತ್ತು ಮಗಳು ಅನ್ನಕ್ಕೆ ಉಪ್ಪು ಬೆರೆಸಿ ಉಣ್ಣುತ್ತಿದ್ದರು. ಆ ಅಕ್ಕಿಯೂ ಡಬ್ಬದ ತಳ ಮುಟ್ಟಿತ್ತು.

ಈಗ ಸರ್ಕಾರದ ನೆರವು ಬಂದಿತ್ತು. ಒಂದು ಮೂಟೆ ಅಕ್ಕಿ, ಜೊತೆಗೆ ಮೂರು ತಿಂಗಳ ಖರ್ಚಿಗೆ ಹಣ. ಹಂಚಿಕೆ ಅವತ್ತು ಸಂಜೆ, ಗಲ್ಲಿಯ ಮುಖ್ಯಸ್ಥರ ಜಗಲಿಯಲ್ಲಿ. ಅವರನ್ನು ಎಲ್ಲರೂ ಹುದ್ದೆಯ ಹೆಸರಿನಿಂದ ‘ಪಕ್ ಆರ್‌ಟಿ’ ಎಂದು ಎಷ್ಟು ಕಾಲದಿಂದ ಕರೆಯುತ್ತಿದ್ದರೆಂದರೆ, ಅವರ ಸ್ವಂತ ಹೆಸರು ಅವರಿಗೇ ಥಟ್ಟನೆ ನೆನಪಾಗುತ್ತಿರಲಿಲ್ಲ. ಕಟ್ಟಳೆ ಒಂದೇ: ಮನೆಯ ಯಜಮಾನ ಲಸಿಕೆಯ ಚೀಟಿ ತೋರಿಸಬೇಕು. ತೋರಿಸದವನ ಮೂಟೆ ಬಂದ ಲಾರಿಯಲ್ಲೇ ವಾಪಸ್ಸು. ಬೆಳಿಗ್ಗೆ ಹೊರಡುವಾಗ ವರ್ಸಿತಿ ಖಾಲಿ ಚೀಲ ಕೊಡವುತ್ತಾ, “ಅಕ್ಕಿ ಇಲ್ದೆ ಬಂದ್ರೆ ಕುದುರೆ ಮೇಲೇ ಮಲಗಿ ಪಕ್, ಒಳಗೆ ಬರಬೇಡಿ,” ಎಂದಿದ್ದಳು. ಆ ಮಾತು ಕೇಳಿಯೂ ಬೀಪಿ ನೂರ ತೊಂಬತ್ತಕ್ಕೇ ನಿಂತದ್ದು ದೊಡ್ಡದು.

“ಶಿಬಿರ ಎಷ್ಟು ಹೊತ್ತಿನ ತನಕ ಇರುತ್ತೆ?” ತುಕಿರನ್ ಕೇಳಿದ.

“ನಾಲ್ಕು ಗಂಟೆ ತನಕ.”

“ಸರಿ. ಅಷ್ಟರಲ್ಲಿ ಇಳಿಸ್ಕೊಂಡು ಬರ್ತೀನಿ,” ಎಂದು ಅಟ್ಟದ ಮೇಲಿನ ಪಾತ್ರೆ ಇಳಿಸಲು ಹೊರಟವನಂತೆ ಎದ್ದ.

ಅವನ ಹಿಂದೆ ಸಾಲಿನಲ್ಲಿದ್ದವಳು ಬು ಜುಮಿರಾ, ಅಂದರೆ ಜುಮಿರಾ ಅಮ್ಮ, ಗಲ್ಲಿಯ ಆರೋಗ್ಯ ಕಾರ್ಯಕರ್ತೆ. ಮಾಸ್ಕು ಹಾಕಿಕೊಂಡರೂ ಅವಳ ದನಿ ಮೂರು ಮನೆಯಾಚೆಗೆ ಕೇಳುತ್ತಿತ್ತು. ಪರರ ಕಷ್ಟ ಕಂಡರೆ ಅವಳಿಗೆ ನಿಲ್ಲಲಾಗುತ್ತಿರಲಿಲ್ಲ. ಕಷ್ಟದವರಿಗೆ ಅವಳಿಂದ ತಪ್ಪಿಸಿಕೊಳ್ಳಲಾಗುತ್ತಿರಲಿಲ್ಲ. ಅವಳು ಫೋನನ್ನು ಬಾಯಿಯ ಹತ್ತಿರ ಹಿಡಿದು ಗಲ್ಲಿಯ ವಾಟ್ಸಾಪ್ ಗುಂಪಿಗೆ ಸುದ್ದಿ ಬಿತ್ತರಿಸಿಯೇಬಿಟ್ಟಳು: “ಎಲ್ಲರೂ ಕೇಳಿ! ನಮ್ಮ ತುಕಿರನ್‌ಗೆ ಬೀಪಿ ನೂರ ತೊಂಬತ್ತು! ಲಸಿಕೆ ಇಲ್ಲ ಅಂದ್ರೆ ಅಕ್ಕಿ ಇಲ್ಲ! ಯಾರ ಮನೇಲಿ ಸೌತೆಕಾಯಿ ಇದೆಯೋ ತಗೊಂಡು ಬನ್ನಿ!”

ಸೌತೆಕಾಯಿ ಬೀಪಿ ಇಳಿಸುತ್ತದೆಂಬುದು ಆ ಗಲ್ಲಿಯಲ್ಲಿ ಹಸುಗೂಸಿಗೂ ಗೊತ್ತು. ತುಕಿರನ್ ಮೂಲೆ ತಿರುಗುವಷ್ಟರಲ್ಲಿ ಪ್ರತಿ ಬಾಗಿಲಲ್ಲೂ ಒಬ್ಬೊಬ್ಬರು ಸೌತೆಕಾಯಿ ಹಿಡಿದು, ಮೆರವಣಿಗೆ ಸ್ವಾಗತಿಸುವವರಂತೆ ನಿಂತಿದ್ದರು. ಒಬ್ಬರು ಅರೆದರು, ಒಬ್ಬರು ಸೋಸಿದರು, ಉಳಿದವರೆಲ್ಲ ಕುಡಿಸಿದರು.

“ಇನ್ನೊಂದು ಲೋಟ ಪಕ್, ನಮ್ಮನೇದು ಕುಡಿಲೇ ಇಲ್ವಲ್ಲ!”

“ಹೊಟ್ಟೇಲಿ ಜಾಗ ಇಲ್ಲ ಬು.”

“ಜಿಗೀರಿ, ಜಾಗ ಆಗುತ್ತೆ!”

ಜಿಗಿದ. ಕುಡಿದ. ಹೊಟ್ಟೆ ತುಂಬಿದ ಕೊಡದಂತೆ ತುಳುಕುತ್ತಿರಲು ಮತ್ತೆ ಶಿಬಿರದ ಸಾಲಿನಲ್ಲಿ ನಿಂತ. ಸಾಲು ಉದ್ದವಿತ್ತು. ಒಬ್ಬೊಬ್ಬರ ನಡುವೆ ಎರಡು ಮಾರು ಅಂತರ ಬೇರೆ. ಸೌತೆಕಾಯಿ ರಸ ಮಾತ್ರ ಅಂತರ ಕಾಯುವ ಜಾತಿಯದಲ್ಲ. ಅದು ತನ್ನ ದಾರಿ ಹಿಡಿದು ಕೆಳಗಿಳಿಯಿತು. ಬಿಟ್ಟು ಹೋದರೆ ಜಾಗ ಹೋಗುತ್ತದೆ. ತುಕಿರನ್ ಹಲ್ಲು ಕಚ್ಚಿ, ಕಾಲಿಗೆ ಕಾಲು ಹೆಣೆದು, ಕಣ್ಣು ಮೇಲೆ ಮಾಡಿ ನಿಂತ. ಅವನ ಸರದಿ ಬಂದಾಗ ಹಣೆಯಿಂದ ಬೆವರು ಇಳಿಯುತ್ತಿತ್ತು.

“ಇನ್ನೂರು,” ಎಂದಳು ನರ್ಸ್, ಪರದೆಯನ್ನೂ ಅವನ ಮುಖವನ್ನೂ ನೋಡಿ. “ಪಕ್, ನೀವು ಬಚ್ಚಲಿಗೆ ಹೋಗಬೇಕಾ?”

ಉತ್ತರ ಹೇಳಲು ತುಕಿರನ್ ಅಲ್ಲಿರಲಿಲ್ಲ.

ಹಗುರಾಗಿ ಹಿಂತಿರುಗಿದವನನ್ನು ಶಿಬಿರದ ಬಾಗಿಲಲ್ಲೇ ತಡೆದದ್ದು ಗಲ್ಲಿಯ ಹಿರಿಯಜ್ಜಿ ಸಾರಿಯೆಮ್. ಅಜ್ಜಿಯ ಕೈಯಲ್ಲಿ ಮುಲಾಮಿನ ಡಬ್ಬಿ, ಹಳೆಯ ಕಾಲದ ಒಂದು ತಾಮ್ರದ ನಾಣ್ಯ.

“ಬೀಪಿಯಂತೆ ಬೀಪಿ! ಯಂತ್ರಕ್ಕೇನು ಗೊತ್ತು? ನಿನ್ನ ಮೈಗೆ ಗಾಳಿ ಹೊಕ್ಕಿದೆ ಕಣೋ. ಅಂಗಿ ಬಿಚ್ಚು.”

“ಅಜ್ಜಿ, ಇಲ್ಲೇನಾ? ಎಲ್ಲ ನೋಡ್ತಿದಾರೆ.”

“ನೋಡ್ಲಿ ಬಿಡು. ನಿನ್ನಲ್ಲಿ ನೋಡೋ ಅಂಥದ್ದು ಏನಿದೆ?”

ಮೈಗೆ ಹೊಕ್ಕ ಗಾಳಿ ಹೊರಗೆ ಹೋಗಬೇಕಾದರೆ ಬೆನ್ನಿಗೆ ಮುಲಾಮು ಸವರಿ ನಾಣ್ಯದಿಂದ ಗೀರಬೇಕು. ಅಜ್ಜಿ ಗೀರಿದಳು. ಎಂಬತ್ತು ದಾಟಿದ ಕೈಯಾದರೂ ಹೊಲ ಉಳುವ ನೇಗಿಲಿನ ಹಾಗಿತ್ತು. ತುಕಿರನ್ ಅಮ್ಮಾ ಎಂದ, ಅಯ್ಯೋ ಎಂದ. ಆಮೇಲೆ ಮಗಳ ಮುಖ ನೆನೆದು, “ಇನ್ನೂ ಗೀರಜ್ಜಿ,” ಎಂದ. ಬೆನ್ನು ಹುಲಿಪಟ್ಟೆಯಾದ ಮೇಲೆ ಅವನನ್ನು ಚಾಪೆಯ ಮೇಲೆ ಮಲಗಿಸಿದರು. ಬೆಳಿಗ್ಗೆಯಿಂದ ಸೌತೆಕಾಯಿ ಬಿಟ್ಟು ಬೇರೇನೂ ಕಾಣದ ದೇಹ ಮಲಗಿದಲ್ಲೇ ಕಲ್ಲಾಯಿತು. ಗಲ್ಲಿಯವರು ಅವನ ಸುತ್ತ ಪಿಸುಮಾತಿನಲ್ಲಿ ಓಡಾಡಿದರು. ಒಬ್ಬರು ಕೂಗದಿರಲೆಂದು ಹುಂಜದ ಮೇಲೆ ಬುಟ್ಟಿ ಕವುಚಿದರು.

ಮಧ್ಯಾಹ್ನ ಎಬ್ಬಿಸಿ ಶಿಬಿರಕ್ಕೆ ಕರೆದೊಯ್ದಾಗ ಅವನು ನಡೆಯುತ್ತಿದ್ದದ್ದೋ ತೇಲುತ್ತಿದ್ದದ್ದೋ ಅವನಿಗೇ ತಿಳಿಯಲಿಲ್ಲ. ಪಟ್ಟಿ ಉಬ್ಬಿತು, ಇಳಿಯಿತು.

“ಎಂಬತ್ತೈದು!” ನರ್ಸ್ ಗಾಬರಿಯಾದಳು.

“ನೂರಾ ಎಂಬತ್ತೈದಾ?” ಜುಮಿರಾ ಕೇಳಿದಳು.

“ಬರೀ ಎಂಬತ್ತೈದು! ಇಷ್ಟು ಕಮ್ಮಿ ಇದ್ರೂ ಹಾಕೋಕಾಗಲ್ಲ. ಪಕ್, ಏನಾದ್ರೂ ತಿಂದಿದ್ದೀರಾ? ಹೋಗಿ ಊಟ ಮಾಡಿ, ನೀರು ಕುಡಿದು, ಸ್ವಲ್ಪ ಹೊತ್ತು ಸುಮ್ನೆ ಕೂತು ಬನ್ನಿ. ದಯವಿಟ್ಟು ಬೇರೇನೂ ಮಾಡ್ಬೇಡಿ.”

ಸುಮುರ್ ಗಲ್ಲಿಗೆ ಸುಮ್ಮನೆ ಕೂರುವುದೊಂದು ಬಿಟ್ಟು ಉಳಿದೆಲ್ಲ ಬರುತ್ತಿತ್ತು. “ಬೀಪಿ ಏರಿಸ್ಬೇಕು ಅಂದ್ರೆ ಮೇಕೆ ಮಾಂಸ!” ಎಂದಳು ಜುಮಿರಾ. ಅದಕ್ಕೆ ಎದುರಾಡುವವರು ಯಾರು? ಆ ದೇಶದಲ್ಲಿ ಮೇಕೆ ಕಡಿಯುವ ಹಬ್ಬದ ಮಾರನೆಯ ದಿನ ತಲೆ ತಿರುಗಿದವರೆಲ್ಲ ಮೇಕೆಯನ್ನೇ ಬೈಯುವುದು.

ಮೂಲೆಯಲ್ಲಿ, ಎಲ್ಲರೂ ‘ಚಾಕ್’ ಅಂದರೆ ಅಣ್ಣ ಎಂದು ಕರೆಯುವ ಸಹ್ರಾವಿಯ ಸಾತೆ ಅಂಗಡಿ. ಮೇಕೆ ಮಾಂಸದ ತುಂಡುಗಳನ್ನು ಬಿದಿರು ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಡುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಗಿರಾಕಿಯಿಲ್ಲದೆ ಬೀಸಣಿಗೆಯಿಂದ ನೊಣ ಓಡಿಸುತ್ತ ಕೂತಿದ್ದವನು ಜುಮಿರಾಳ ದಂಡು ಬಂದದ್ದು ನೋಡಿ ಎದ್ದು ನಿಂತ.

“ನನ್ನ ಹತ್ರ ದುಡ್ಡಿಲ್ಲ ಚಾಕ್,” ತುಕಿರನ್ ಮೊದಲೇ ಹೇಳಿದ.

“ದುಡ್ಡಿನ ಮಾತು ಯಾರೆತ್ತಿದ್ರು? ನಿನ್ನ ಬೀಪಿ ಮೇಲೆ ಬರ್ಲಿ, ಆಮೇಲೆ ನೋಡೋಣ. ಬೇಗ ಕೂರು, ಕೊರೋನಾ ಮುಗಿಯೋ ತನಕ ಅಂಗಡೀಲಿ ಕೂತು ತಿನ್ನೋಕೆ ಇಪ್ಪತ್ತೇ ನಿಮಿಷ ಅಂತ ಸರ್ಕಾರದ ಆಜ್ಞೆ!”

ಕೆಂಡ ಕೆರಳಿತು, ಕೊಬ್ಬು ಚಟಪಟ ಸಿಡಿಯಿತು, ಹೊಗೆ ಮೂಗಿಗೆ ಬಡಿಯಿತು. ಎಷ್ಟು ತಿಂಗಳಾಗಿತ್ತು! ತಟ್ಟೆ ಎದುರಿಗೆ ಬಂದಾಗ ತುಕಿರನ್ ಮೂರು ಕಡ್ಡಿ ತಿಂದು ನಿಲ್ಲಿಸಿದ. “ಉಳಿದದ್ದು ಎಲೇಲಿ ಕಟ್ಟಿಕೊಡು ಚಾಕ್. ಮನೇಲಿ ಮಗು ಇದೆ.”

“ಏನ್ ಪಕ್ ನೀವು!” ಜುಮಿರಾ ರೇಗಿದಳು. “ಔಷಧೀನ ಯಾರಾದ್ರೂ ಹಂಚ್ಕೊಂಡು ತಿಂತಾರಾ? ಅರ್ಧ ಔಷಧಿ ತಗೊಂಡ್ರೆ ಅರ್ಧ ಬೀಪಿನೇ ಏರೋದು. ಮೊದ್ಲು ಅಕ್ಕಿ ತನ್ನಿ, ಆಮೇಲೆ ಮಗಳಿಗೆ ಏನು ಬೇಕಾದ್ರೂ ತಿನ್ಸಿ. ಹಾಂ, ಇಲ್ನೋಡಿ, ನಗಿ, ಹೆಬ್ಬೆರಳು ಎತ್ತಿ!”

ಗುಂಪಿನವರು ನಿಮಿಷಕ್ಕೊಮ್ಮೆ ಸಮಾಚಾರ ಕೇಳುತ್ತಿದ್ದರು. ಹೀಗಾಗಿ ಪ್ರತಿ ಕಡ್ಡಿಗೂ ಒಂದು ಫೋಟೋ ಹೋಯಿತು. ಮಗಳಿಗೆಂದು ಎತ್ತಿಟ್ಟ ಕಡ್ಡಿಗಳನ್ನೂ ಬಾಯಿಗಿಟ್ಟು ತುಕಿರನ್ ನಕ್ಕ. ಹತ್ತನೆಯ ಕಡ್ಡಿ ಮುಗಿದಾಗ ಗಲ್ಲಿ ಚಪ್ಪಾಳೆ ತಟ್ಟಿತು.

ಶಿಬಿರದವರು ಕುರ್ಚಿ ಮಡಚುತ್ತಿದ್ದರು. “ಒಂದೇ ಒಂದು ಸಲ!” ಎಂದು ತುಕಿರನ್ ತೋಳು ಚಾಚಿ ಕೂತ. ನರ್ಸ್ ರೆತ್ನೊ ಪಟ್ಟಿ ಸುತ್ತಿದಳು. ಕಿಟಕಿಯಲ್ಲಿ ಇಡೀ ಗಲ್ಲಿಯ ಮುಖಗಳು ಒತ್ತಿಕೊಂಡು ಇಣುಕಿದವು.

“ನೂರ ಇಪ್ಪತ್ತೈದು. ಮದುಮಗನ ಬೀಪಿ!” ನರ್ಸ್ ನಕ್ಕಳು. ಸೂಜಿ ಹೊಕ್ಕಿದ್ದು ಹೊರಬಂದದ್ದು ಒಂದೂ ತುಕಿರನ್‌ಗೆ ಗೊತ್ತಾಗಲಿಲ್ಲ. ಅಜ್ಜಿಯ ನಾಣ್ಯದ ಮುಂದೆ ಸೂಜಿ ಯಾವ ಲೆಕ್ಕ?

ಚೀಟಿಯನ್ನು ಎದೆಗೊತ್ತಿಕೊಂಡು ಅವನು ಪಕ್ ಆರ್‌ಟಿಯ ಜಗಲಿಗೆ ಓಡಿದ. ಲಾರಿ ಇನ್ನೂ ನಿಂತಿತ್ತು. ಕೊನೆಯ ಮೂಟೆ ಇನ್ನೂ ಕೂತಿತ್ತು, ಅವನಿಗಾಗಿಯೇ ಕಾದ ಹೆಣ್ಣಿನ ಹಾಗೆ. ಮೇಜಿನ ಹಿಂದೆ ಕಚೇರಿಯಿಂದ ಬಂದ ಅಧಿಕಾರಿ ಗುನಾರ್ಸೊ. ಅವರು ಚೀಟಿ ನೋಡಿದರು, ತುಕಿರನ್‌ನ ಮುಖ ನೋಡಿದರು, ತಮ್ಮ ಫೋನು ನೋಡಿದರು.

“ಇದು ನೀವೇನಾ?”

ಪರದೆಯ ಮೇಲೆ ತುಕಿರನ್, ಎರಡು ಕೈಯಲ್ಲೂ ಸಾತೆ ಕಡ್ಡಿ, ಕಿವಿಯಿಂದ ಕಿವಿಗೆ ನಗು.

“ನಾನೇ ಪಕ್. ಅದು ಔಷಧಿ.”

“ಬೆಳಿಗ್ಗೆ ಇನ್ನೊಂದು ಗಲ್ಲೀಲಿ ಒಬ್ಬಾಕೆ, ಬಂಗಾರದ ಬಳೆ ಸಂಧಿವಾತಕ್ಕೆ ಔಷಧಿ ಅಂದ್ರು,” ಎಂದರು ಗುನಾರ್ಸೊ ಬೇಸರದಿಂದ. “ಹೊಟ್ಟೆಗೆ ಹಿಟ್ಟಿಲ್ಲ ಅಂತ ಅರ್ಜಿ, ಕೈಯಲ್ಲಿ ಮೇಕೆ ಸಾತೆ. ನಿಮ್ಮ ಮೇಲೆ ದೂರು ಬಂದಿದೆ.”

ಗಲ್ಲಿಯಲ್ಲಿ ಗುಲ್ಲೆದ್ದಿತು. “ಯಾರು? ಯಾರು ಆ ಮನೆಹಾಳ?” ಜುಮಿರಾ ತೋಳೇರಿಸಿದಳು. “ನಮ್ಮ ಗಲ್ಲಿಯವರು ಯಾರೂ ಅಂಥ ಕೆಲಸ ಮಾಡಲ್ಲ!”

ಗುನಾರ್ಸೊ ಫೋನು ಒತ್ತಿದರು. ಹೆಣ್ಣು ದನಿಯೊಂದು ಜಗಲಿಯ ತುಂಬ ಗುಡುಗಿತು:

“ಪಕ್, ಅನರ್ಹರ ಬಗ್ಗೆ ತಿಳಿಸಿ ಅಂತ ಗೋಡೆ ಮೇಲೆ ಈ ನಂಬರ್ ಹಾಕಿದ್ದೀರಲ್ಲ, ತಗೊಳ್ಳಿ! ಇಲ್ಲಿ ನಾನೂ ನನ್ನ ಮಗಳೂ ಉಪ್ಪನ್ನ ತಿಂತಿದ್ದೀವಿ, ಈ ಮನುಷ್ಯ ಅಲ್ಲಿ ಹಲ್ಲು ಕಿರ್ಕೊಂಡು ಸಾತೆ ಹೊಡೀತಿದಾನೆ! ಇವನ ಹೆಸರು ತೆಗೆದು ನೆರವು ನನ್ನ ಹೆಸರಿಗೆ ಹಾಕಿ!”

ದನಿ ಯಾರದೆಂದು ಯಾರೂ ಕೇಳಲಿಲ್ಲ. ವರ್ಸಿತಿ ಜುಮಿರಾಳ ಜೊತೆ ಜಗಳವಾಡಿ ಎಂದೋ ಆ ವಾಟ್ಸಾಪ್ ಗುಂಪು ಬಿಟ್ಟಿದ್ದಳು, ಮನೆಯೂ ಗಲ್ಲಿಯ ಕಟ್ಟಕಡೆಗೆ. ಅವಳಿಗೆ ಸೌತೆಕಾಯಿಯೂ ಗೊತ್ತಿಲ್ಲ, ಬೀಪಿಯೂ ಗೊತ್ತಿಲ್ಲ; ಯಾರೋ ಕಳಿಸಿದ ಫೋಟೋ ಒಂದು ಮಾತ್ರ ಗೊತ್ತು. ಅಷ್ಟರಲ್ಲಿ ಖಾಲಿ ಚೀಲ ಬಗಲಲ್ಲಿಟ್ಟುಕೊಂಡು ಅವಳೇ ಬಂದಳು. “ಪಕ್, ನನ್ನ ಹೆಸರಿಗೆ ಆಯ್ತಾ?”

“ಹೆಸರು ತೆಗೆಯೋ ಅಧಿಕಾರ ನನಗಿದೆ, ತೆಗೆದಿದ್ದೀನಿ,” ಎಂದರು ಗುನಾರ್ಸೊ. “ಹೆಸರು ಹಾಕೋ ಅಧಿಕಾರ ಮೇಲಿನವರಿಗೆ. ಅದಕ್ಕೆ ಕೆಲವು ತಿಂಗಳಾಗುತ್ತೆ.”

ಮಿಕ್ಕದ್ದನ್ನು ಇಪ್ಪತ್ತು ಬಾಯಿಗಳು ಒಟ್ಟಿಗೇ ವರ್ಸಿತಿಗೆ ವಿವರಿಸಿದವು. ತುಕಿರನ್‌ನ ಅಂಗಿ ಎತ್ತಿ ಹುಲಿಪಟ್ಟೆಯನ್ನೂ ತೋರಿಸಿದರು. ಅವಳ ಮುಖ ಕೆಂಪಾಯಿತು, ಬಿಳುಪಾಯಿತು. “ಹಾಗಾದ್ರೆ ದೂರು ವಾಪಸ್ ತಗೋತೀನಿ ಪಕ್.”

“ಆಗಲ್ಲಮ್ಮ. ಹೆದರಿಸಿ ವಾಪಸ್ ತೆಗೆಸ್ತಾರೆ ಅಂತ ಆ ದಾರಿ ಮುಚ್ಚಿದ್ದಾರೆ. ಒಂದೇ ಉಪಾಯ ಇದೆ.” ಗುನಾರ್ಸೊ ತುಕಿರನ್ ಕಡೆ ತಿರುಗಿದರು. ದನಿ ಸ್ವಲ್ಪ ಮೆತ್ತಗಾಗಿತ್ತು. “ದೂರು ಸುಳ್ಳು, ನನ್ನ ಹೆಂಡತಿ ಸುಳ್ಳು ಹೇಳಿದ್ದಾಳೆ ಅಂತ ನೀವು ಎಲ್ಲರ ಮುಂದೆ ಬಾಯಿಬಿಟ್ಟು ಹೇಳಿ. ದೂರು ಸುಳ್ಳು ಅಂತಾದ್ರೆ ಹೆಸರು ತೆಗೆದದ್ದೂ ರದ್ದು, ಈಗಲೇ ಮೂಟೆ ಕೊಡ್ತೀನಿ.”

ವರ್ಸಿತಿ ಸೊಂಟದ ಮೇಲೆ ಕೈಯಿಟ್ಟಳು.

“ಹೇಳಿ ಪಕ್, ಹೇಳಿ! ನಿಮ್ಮ ಹೆಂಡತಿ ಸುಳ್ಳಿ ಅಂತ ಹೇಳಿ! ಊರೆಲ್ಲ ಕೇಳ್ಲಿ!”

ತುಕಿರನ್ ಬಾಯಿ ತೆರೆದ. ಸೌತೆಕಾಯಿ ಕುಡಿದಿದ್ದ, ಬೆನ್ನು ಗೀರಿಸಿಕೊಂಡಿದ್ದ, ಸೂಜಿಗೆ ತೋಳು ಕೊಟ್ಟಿದ್ದ. ಇನ್ನು ಉಳಿದದ್ದು ಮೂರೇ ಮಾತು. ಅವನು ಅಕ್ಕಿಯ ಮೂಟೆ ನೋಡಿದ. ಹೆಂಡತಿಯ ಹುಬ್ಬು ನೋಡಿದ. ಈ ಹದಿನಾಲ್ಕು ವರ್ಷದ ಸಂಸಾರ ಕಣ್ಣ ಮುಂದೆ ಹಾದುಹೋಯಿತು.

“ಅವಳು ಯಾವತ್ತೂ ಸುಳ್ಳು ಹೇಳಲ್ಲ ಪಕ್,” ಎಂದ ಮೆಲ್ಲಗೆ. “ಸಾತೆ ತುಂಬಾ ರುಚಿಯಾಗಿತ್ತು.”

ಲಾರಿ ಮೂಟೆಯೊಂದಿಗೆ ಗಲ್ಲಿಯ ತಿರುವು ದಾಟಿತು. ವರ್ಸಿತಿ ಖಾಲಿ ಚೀಲವನ್ನು ಗಂಡನ ಹೆಗಲ ಮೇಲೆ ಎಸೆದಳು.

“ಎಂಥ ಗಂಡಸೋ ನೀವು! ಹೇಳಿ, ಹೇಳಿ ಅಂತ ಬಡ್ಕೊಂಡ್ನಲ್ಲ, ಹೇಳೋಕೇನಾಗಿತ್ತು?”