ನಲವತ್ತಮೂರು ಸಲ ಕೇಳಿದ ಹಾಡು

ನಮ್ಮ ಸೋದರತ್ತೆಗೆ ಒಂದು ಹಾಡು ಇಷ್ಟವಾಗಬೇಕಾದರೆ ಇರುವುದು ಒಂದೇ ಷರತ್ತು. ಅದು ಬೇರೆ ಯಾರಿಗೂ ಗೊತ್ತಿರಬಾರದು! ಊರೆಲ್ಲ ಗುನುಗುವ ಹಾಡು ಕಿವಿಗೆ ಬಿದ್ದರೆ ಮುಖ ಕಿವುಚಿಕೊಂಡು, "ಅದಕ್ಕೆ ಜನ ಅವ್ರೆ ಬಿಡು" ಅನ್ನುತ್ತಾರೆ. ಅನಾಥಾಶ್ರಮದವರು ಅಪ್ಪ ಅಮ್ಮ ಇರುವ ಮಗುವನ್ನು ವಾಪಸ್ಸು ಕಳಿಸುವ ಹಾಗೆ.

ಈ ಹುಚ್ಚಿಗೆ ಕಾರಣಳು ನಾನೇ. ಅತ್ತೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಮಿಷನ್ನುಗಳ ನಡುವೆ ಇಪ್ಪತ್ತೆಂಟು ವರ್ಷ ನಿಂತು ದುಡಿದವರು. ಕೆಲಸ ಬಿಟ್ಟಾಗ ಹೊತ್ತು ಹೋಗಲಿ, ನಾಲ್ಕು ದೇವರನಾಮ ಕೇಳಲಿ ಅಂತ ಅವರ ಫೋನಿಗೆ ಹಾಡಿನ ಆ್ಯಪ್ ಒಂದನ್ನು ಹಾಕಿಕೊಟ್ಟೆ. ದೇವರನಾಮ ಮುಗಿದಿದೆ, ಅತ್ತೆ ಬೀನ್ಸ್ ಬಿಡಿಸುತ್ತ ಕೂತಿದ್ದಾರೆ, ಫೋನು ತನಗೆ ತೋಚಿದ ಮುಂದಿನ ಹಾಡನ್ನು ತಾನೇ ಹಾಕಿಕೊಂಡಿದೆ. ಯಾವುದೋ ಊರಿನ ನಾಲ್ಕು ಹುಡುಗರು ಗಿಟಾರು ಹಿಡಿದು ಹಾಡಿದ್ದು. ಸಂಜೆ ನಾನು ಹೋದಾಗ ಅತ್ತೆ ಫೋನು ಮುಂದೆ ಹಿಡಿದರು.

"ಇಲ್ನೋಡೇ, ಇದನ್ನ ಎಪ್ಪತ್ತೊಂದು ಜನ ಕೇಳವ್ರಂತೆ. ಪ್ರಪಂಚದಲ್ಲೆಲ್ಲ ಸೇರಿ ಎಪ್ಪತ್ತೊಂದೇ? ನಮ್ಮ ಬೀದಿ ನಲ್ಲಿ ಹತ್ರ ಅದಕ್ಕಿಂತ ಜಾಸ್ತಿ ಜನ ಇರ್ತಾರೆ ಕಣೇ!"

ಅವತ್ತಿನಿಂದ ಶುರುವಾಯಿತು ನೋಡಿ. ಕೇಳುವವರಿಲ್ಲದ ಬ್ಯಾಂಡುಗಳನ್ನು ಹುಡುಕಿ ಹುಡುಕಿ ತೆಗೆಯುವುದೇ ಕೆಲಸ. ನೋಟ್‌ಬುಕ್ಕಿನಲ್ಲಿ ಅವುಗಳ ಪಟ್ಟಿ ಬೇರೆ. ಒಮ್ಮೆ ಮಾವ ಟಿವಿಯ ವಾರ್ತೆ ಬಿಟ್ಟು ಆ ಪಟ್ಟಿಯನ್ನು ಗಟ್ಟಿಯಾಗಿ ಓದಿದರು. "ಒದ್ದೆ ಬೆಂಕಿಪೊಟ್ಟಣ. ಮೂರೂವರೆ ಚಪ್ಪಲಿ. ಇದು ಬ್ಯಾಂಡೋ, ಸಂತೇಲಿ ಕಳೆದುಹೋದ ಸಾಮಾನೋ?" ಅತ್ತೆ ಪಟ್ಟಿ ಕಿತ್ತುಕೊಂಡು ಒಂದು ಹೆಸರನ್ನು ಹೊಡೆದುಹಾಕಿದರು. ಆ ಬ್ಯಾಂಡಿಗೆ ಸಾವಿರ ಜನ ದಾಟಿದ್ದರಂತೆ. "ಇವ್ರು ದಡ ಸೇರಿದ್ರು. ಇನ್ನು ನಾನ್ಯಾಕೆ?"

ಕೇಳಿ ಸುಮ್ಮನಿರುವ ಜಾಯಮಾನವಾದರೂ ಉಂಟೇ? ಈಶಾನ್ಯದ ಕಡೆಯ ಒಂದು ಬ್ಯಾಂಡಿಗೆ ಅಚ್ಚ ಕನ್ನಡದಲ್ಲಿ ಕಾಮೆಂಟ್ ಬರೆದರು: "ಮಕ್ಕಳೇ, ಚೆನ್ನಾಗಿದೆ. ಎರಡನೇ ಚರಣದಲ್ಲಿ ಡ್ರಮ್ಮಿನ ಹುಡುಗ ಅವಸರ ಮಾಡುತ್ತಾನೆ. ಹೊಟ್ಟೆ ಹಸಿದಿರಬೇಕು. ಊಟ ಹಾಕಿ ಬಾರಿಸಲು ಹೇಳಿ." ಅವರು ಅದನ್ನು ಯಾವ ಯಂತ್ರಕ್ಕೆ ಕೊಟ್ಟು ಅರ್ಥ ಮಾಡಿಕೊಂಡರೋ, ವಾರದೊಳಗೆ ಕನ್ನಡದಲ್ಲೇ ಉತ್ತರ ಬಂತು: "ಅಮ್ಮ, ಅವನು ಈಗ ಊಟವಾಗಿದ್ದಾನೆ." ಜೊತೆಗೆ ಅದೇ ಹಾಡು, ಹೊಸದಾಗಿ ಬಾರಿಸಿದ್ದು! ಅತ್ತೆ ಕೇಳಿ, "ಈಗ ಸರಿಹೋಯ್ತು" ಅಂತ ತಲೆಯಾಡಿಸಿದರು.

ಚಿಂತಾಮಣಿಯಲ್ಲಿ ನಮ್ಮ ದೊಡ್ಡಪ್ಪನ ಮಗಳ ನಿಶ್ಚಿತಾರ್ಥದ ಕಥೆ ಮಾತ್ರ ನೆಂಟರು ಇಂದಿಗೂ ಮರೆತಿಲ್ಲ. ತಾಂಬೂಲ ಬದಲಾಯಿಸುವ ಹೊತ್ತು. ಅತ್ತೆಯ ಫೋನು ಛತ್ರದ ಸ್ಪೀಕರಿಗೆ ಹೇಗೋ ಜೋಡಿಯಾಗಿಬಿಟ್ಟಿದೆ. ಇದ್ದಕ್ಕಿದ್ದಂತೆ ಗೋಡೆಯೆಲ್ಲ ನಡುಗುವ ಹಾಗೆ ಯಾವನೋ ಒಬ್ಬ ಗಂಟಲು ಹರಿಯುವಂತೆ ಕಿರುಚಿದ! ಗಂಡಿನ ಅಜ್ಜಿ ತಟ್ಟೆ ಕೈಬಿಟ್ಟು, "ಅಯ್ಯೋ ಏಮಾಯೆ? ಯಾರಿಗೆ ಏನಾಯ್ತು?" ಅಂತ ಎದ್ದು ನಿಂತರು.

"ಏನೂ ಆಗಿಲ್ಲ ಕೂತ್ಕಳಮ್ಮ," ಅಂದರು ಅತ್ತೆ, "ಹುಡುಗ ಹಾಡ್ತಾವ್ನೆ. ಇನ್ನೊಂದ್ ನಿಮಿಷ ತಡೀರಿ, ಪಲ್ಲವಿ ಬತ್ತದೆ, ಚೆನ್ನಾಗೈತೆ."

ಪುರೋಹಿತರು ವೈರು ಕೀಳಿಸಿದರು. ಪಲ್ಲವಿ ಚೆನ್ನಾಗಿತ್ತೋ ಇಲ್ಲವೋ ಎರಡೂ ಕಡೆಯವರಿಗೆ ತಿಳಿಯಲೇ ಇಲ್ಲ.

ಹೋದ ಬೇಸಿಗೆಯಲ್ಲಿ ಅತ್ತೆಗೆ ಒಂದು ನಿಧಿ ಸಿಕ್ಕಿತು. ಗೌರಿಬಿದನೂರಿನ ಬ್ಯಾಂಡು! ಹೆಸರು "ಒಣಗಿದ ಛತ್ರಿ". ಒಬ್ಬಳು ಹುಡುಗಿ ಹಾಡುತ್ತಾಳೆ, ಮೂವರು ಬಾರಿಸುತ್ತಾರೆ. ಒಂದು ಹಾಡನ್ನು ಒಟ್ಟು ನಲವತ್ತಮೂರು ಸಲ ಕೇಳಲಾಗಿದೆ ಅಂತ ಆ್ಯಪ್ ಹೇಳುತ್ತಿತ್ತು. "ಅದ್ರಲ್ಲಿ ಮೂವತ್ತು ನಂದೇ," ಅಂದರು ಅತ್ತೆ ಹೆಮ್ಮೆಯಿಂದ. ಹದಿನೈದು ದಿನ ಕಳೆದಿರಲಿಲ್ಲ, ಬೆಳಿಗ್ಗೆ ಬೆಳಿಗ್ಗೆಯೇ ನನಗೆ ಫೋನು.

"ಒಣಗಿದ ಛತ್ರಿಯವ್ರು ನಿಲ್ಲಿಸ್ತಾರಂತೆ ಕಣೇ, ಫೋನಲ್ಲಿ ಹಾಕವ್ರೆ. ಭಾನುವಾರ ಕೊನೇ ಸಲ ಹಾಡ್ತಾರಂತೆ. ಹೋಗಣ ನಡಿ."

ಹೋಗದೆ ಗತಿಯಿದೆಯೇ? ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ, ಅಲ್ಲಿ ಬಸ್ಸು ಬದಲಾಯಿಸಿ ಮಂಚೇನಹಳ್ಳಿ ಮೇಲೆ ಗೌರಿಬಿದನೂರು. ಟೈಲರಿಂಗ್ ಕ್ಲಾಸು ನಡೆಯುವ ಒಂದು ಹಾಲಿನಲ್ಲಿ ಹೊಲಿಗೆ ಮಿಷನ್ನುಗಳನ್ನು ಗೋಡೆಗೆ ಸರಿಸಿ ಜಾಗ ಮಾಡಿದ್ದರು. ಕೇಳಲು ಬಂದವರು ಒಂಬತ್ತು ಜನ. ನಾವಿಬ್ಬರು, ಡ್ರಮ್ಮಿನ ಹುಡುಗನ ಮನೆಯವರು ಐದು, ಹಾಲಿನ ಬೀಗದ ಕೈ ಇದ್ದವರೊಬ್ಬರು, ಇನ್ನೊಬ್ಬರು ಬ್ಲೌಸು ಇಸಿದುಕೊಂಡು ಹೋಗಲು ಬಂದವರು.

ಅತ್ತೆ ಕುರ್ಚಿಯನ್ನು ಎಳೆದುಕೊಂಡು ಹೋಗಿ ಸ್ಪೀಕರಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ನಾಲ್ಕನೆಯದು ಆ ನಲವತ್ತಮೂರರ ಹಾಡು. "ಸಂತೆ ಮುಗಿದ ಮೇಲೂ ತಕ್ಕಡಿ ತೂಗುತಿದೆ" ಅಂತ ಎತ್ತಿದ ಹುಡುಗಿ ಮುಂದಿನ ಸಾಲು ಮರೆತು ನಿಂತಳು. ಗಿಟಾರು ಅಲ್ಲೇ ಸುತ್ತುತ್ತಿತ್ತು. ಆಗ ಅತ್ತೆ ಕೂತಲ್ಲಿಂದಲೇ ಹೇಳಿಕೊಟ್ಟರು.

"ಗಾಳಿಗೆ ಬೆಲೆ ಎಷ್ಟು ಅಂತ ಕೇಳುತಿದೆ. ಅದೇ ಅಲ್ವೇನಮ್ಮ?"

ಹುಡುಗಿ ಮೈಕು ಕೆಳಗಿಳಿಸಿದಳು. "ಆಂಟಿ, ದಿನಾ ಕೇಳ್ತಿದ್ದಿದ್ದು ನೀವಾ? ಆ್ಯಪ್ ಕೆಟ್ಟೋಗಿದೆ ಅನ್ಕೊಂಡಿದ್ವಿ." ಆಮೇಲೆ ವಯಸ್ಸಾದವರು ಹತ್ತಿರ ಕೂತಿದ್ದಾರೆಂದು ಸ್ಪೀಕರಿನ ಸದ್ದು ಇಳಿಸಲು ಬಗ್ಗಿದಳು. ಅತ್ತೆ ಅವಳ ಕೈ ಹಿಡಿದರು.

"ಬೇಡಮ್ಮ, ಕಮ್ಮಿ ಮಾಡಬೇಡ. ನನಗೆ ಎಡಗಿವಿ ಪೂರ್ತಿ ಹೋಗೈತೆ. ಬಲಗಿವೀನೂ ಎರಡು ವರ್ಷ ಬಂದ್ರೆ ಹೆಚ್ಚು ಅಂದವ್ರೆ ಡಾಕ್ಟ್ರು. ಅಷ್ಟ್ರೊಳಗೆ ಬೇಗ ಬೇಗ ಒಂದಷ್ಟು ಮಾಡ್ರಪ್ಪ. ನಿಲ್ಲಿಸಿದ್ರೆ ಹೆಂಗೆ?"

ನನಗೆ ಗೊತ್ತಾದದ್ದೂ ಅಲ್ಲೇ, ಆ ಹೊಲಿಗೆ ಮಿಷನ್ನುಗಳ ನಡುವೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇನ್ನೂ ಪೂರ್ತಿ ಮುಗಿಯದ ಎರಡು ಹಾಡುಗಳನ್ನು, ಪದ ಇಲ್ಲದ ಕಡೆ "ಲಾ ಲಾ" ಸೇರಿಸಿ ಹಾಡಿದರು. ಹೊರಡುವಾಗ ಡ್ರಮ್ಮಿನ ಹುಡುಗ ಬಾಗಿಲವರೆಗೆ ಬಂದು, "ಮುಂದಿನ ತಿಂಗಳು ಪದ ಬರೆದು ಮುಗಿಸ್ತೀವಿ, ಬರ್ತೀರ ಆಂಟಿ?" ಅಂದ.

ವಾಪಸ್ಸು ಬಸ್ಸಿನಲ್ಲಿ ನಾನು ದನಿ ಏರಿಸಿ ಜಗಳಕ್ಕೇ ನಿಂತೆ. "ನನಗ್ಯಾಕೆ ಹೇಳಲಿಲ್ಲ ಅತ್ತೆ? ಕಿವಿ ಹೋಗ್ತಾ ಇದ್ರೆ ನಿಮಗಿಷ್ಟವಾದ ಹಳೇ ಹಾಡುಗಳನ್ನಾದ್ರೂ ಕೇಳಬಾರದಾ?"

"ಹಳೇವೆಲ್ಲ ತಲೇಲವ್ವೆ ಕಣೇ," ಅಂದರು ಅತ್ತೆ. "ಕಿವಿ ಹೋದ್ರೂ ಒಳಗೇ ಕೇಳಿಸ್ತವೆ. ಹೊಸಾವನ್ನ ಈಗ್ಲೇ ತುಂಬ್ಕೋಬೇಕು."

ಕಿಟಕಿಯಾಚೆ ದ್ರಾಕ್ಷಿ ತೋಟಗಳು ಹಿಂದಕ್ಕೆ ಸರಿಯುತ್ತಿದ್ದವು. ಅತ್ತೆ ನನ್ನ ಕಡೆ ತಿರುಗಿದರು.

"ನೀನು ಹಾಡಿದ್ದು ಒಂದ್ ಸಲಾನೂ ಕೇಳಿಲ್ವಲ್ಲೇ ನಾನು. ಒಂದು ಹಾಡು."

ನನಗೆ ಹಾಡಲು ಬರುವುದಿಲ್ಲ. ಮುಂದಿನ ಸೀಟಿನಲ್ಲಿ ಗಂಡ ಹೆಂಡತಿ, ಪಕ್ಕದಲ್ಲೇ ಕಂಡಕ್ಟರು. ಆದರೂ ಆ ಸಂತೆಯ ಹಾಡಿನ ನೆನಪಿದ್ದಷ್ಟನ್ನು, ಶ್ರುತಿಯಿಲ್ಲದೆ, ತಪ್ಪು ಪದಗಳಲ್ಲಿ ಹಾಡಿದೆ. ಗಂಡ ಹೆಂಡತಿ ತಿರುಗಿ ನೋಡಿದರು. ಅತ್ತೆ ಮಾತ್ರ ನನ್ನ ತುಟಿಗಳನ್ನೇ ನೋಡುತ್ತಿದ್ದರು. ಮುಗಿದ ಮೇಲೆ ನನ್ನ ಮೊಣಕೈ ತಟ್ಟಿದರು.

"ಈ ಕಡೆ ಬಂದು ಕೂತ್ಕೊಳಮ್ಮ. ನೀನು ಎಡಗಡೆ ಇದ್ದೀಯ."

ಓಡುವ ಬಸ್ಸಿನಲ್ಲಿ ಕಂಬಿ ಹಿಡಿದುಕೊಂಡು ಎದ್ದೆ. ಅತ್ತೆಯನ್ನು ದಾಟಿ ಅವರ ಬಲಗಡೆಯ ಖಾಲಿ ಜಾಗದಲ್ಲಿ ಕೂತು ಮೊದಲಿನಿಂದ ಶುರುಮಾಡಿದೆ.